ಯೂಪವೇ ಸೂರ್ಯ ಎಂದರೆ ನಂಬಬೇಕೆ? – ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಇಂಜಿನಿಯರಿಂಗ್ ಓದುತ್ತಿರುವ ಮಗ ದಿನಾ ಒಂದೇ ವಾದ ತೆಗೆಯುತ್ತಾನೆ. "ವೇದದಲ್ಲಿರೋದೆಲ್ಲ ನಿಜ ಅಂತೀಯಾ? ಹಾಗಾದ್ರೆ ಹಾವು, ಮರ ಎಲ್ಲ ಯಾಗ ಮಾಡಿದ್ದೂ ನಿಜಾನಾ? ಅಲ್ಲ ಅಂದ್ರೆ ಪಾರಾಯಣ ಯಾಕಮ್ಮಾ?" ಅನ್ನುತ್ತಾನೆ. ಏನು ಹೇಳಲಿ? – ಗೃಹಿಣಿ, ಶಿರಸಿ

ಉತ್ತರ: ಮಗನಿಗೆ ಮೊದಲು ಶಹಭಾಸ್ ಹೇಳಿ. ವೇದವಾಕ್ಯಗಳಿಗೆ ಅರ್ಥ ಹೇಳುವ ಬಗೆಯನ್ನು ಚರ್ಚಿಸುವ ಶಾಸ್ತ್ರ ಮೀಮಾಂಸೆ. ಜೈಮಿನಿಯ ಮೀಮಾಂಸಾ ಸೂತ್ರಗಳಿಗೆ ಭಾಷ್ಯ ಬರೆದ ಶಬರಸ್ವಾಮಿ ಇದೇ ಆಕ್ಷೇಪವನ್ನು ಪೂರ್ವಪಕ್ಷವಾಗಿ, ಅಂದರೆ ಎದುರಾಳಿಯ ವಾದವಾಗಿ, ಎತ್ತಿಕೊಳ್ಳುತ್ತಾನೆ. "ಮರಗಳು ಸತ್ರಕ್ಕೆ (ಬಹುದಿನ ನಡೆಯುವ ಯಾಗಕ್ಕೆ) ಕೂತವು, ಸರ್ಪಗಳು ಸತ್ರಕ್ಕೆ ಕೂತವು" ಎನ್ನುವುದು ಹುಚ್ಚರ, ಮಕ್ಕಳ ಮಾತಿನ ಹಾಗಿದೆಯಲ್ಲ, ಮುದಿ ಎತ್ತು ಎಲ್ಲಾದರೂ ಹಾಡೀತೇ ಎಂದು ಎದುರಾಳಿಯ ಬಾಯಲ್ಲಿ ಕೇಳಿಸುತ್ತಾನೆ. ಆಮೇಲೆ ಅವನು ಕೊಡುವ ಉತ್ತರ ಬಲು ಸರಳ: ಇದು ವರದಿಯಲ್ಲ, ಹೊಗಳಿಕೆ. ಅರಿವಿಲ್ಲದ ಮರಗಳೇ ಈ ಸತ್ರಕ್ಕೆ ಕೂತವೆಂದ ಮೇಲೆ ತಿಳಿದವರು ಕೂರಬೇಡವೇ ಎನ್ನುವ ಧಾಟಿ. "ಸಂಜೆಹೊತ್ತು ಮೃಗಗಳೂ ಅಡ್ಡಾಡುವುದಿಲ್ಲ, ಇನ್ನು ವಿದ್ವಾಂಸರು ಅಡ್ಡಾಡುತ್ತಾರೆಯೇ" ಎಂದು ಲೋಕದಲ್ಲಿ ಮಾತಾಡುವುದಿಲ್ಲವೇ, ಹಾಗೆ.

ಆದ್ದರಿಂದ ನಿಜವೋ ಸುಳ್ಳೋ ಎಂದು ಕೇಳುವ ಮುಂಚೆ ಇದು ಯಾವ ಜಾತಿಯ ವಾಕ್ಯ ಎಂದು ಕೇಳಬೇಕು. ಮೀಮಾಂಸಕರು ವೇದವಾಕ್ಯಗಳನ್ನು ವಿಧಿ, ಮಂತ್ರ, ನಾಮಧೇಯ, ನಿಷೇಧ, ಅರ್ಥವಾದ ಎಂದು ಐದಾಗಿ ವಿಂಗಡಿಸುತ್ತಾರೆ. ಮಾಡು ಅನ್ನುವುದು ವಿಧಿ, ಬೇಡ ಅನ್ನುವುದು ನಿಷೇಧ. ಯಾಗದಲ್ಲಿ ಹೇಳುವುದು ಮಂತ್ರ, ಯಾಗದ ಹೆಸರು ನಾಮಧೇಯ. ಮಾಡಲು ಹುರುಪು ಕೊಡುವ, ಬಿಡಲು ಹೆದರಿಸುವ ಮಾತುಗಳು ಅರ್ಥವಾದ. ನಿಮ್ಮ ಮಗ ನಗುವ ವಾಕ್ಯಗಳಲ್ಲಿ ಹೆಚ್ಚಿನವು ಈ ಕೊನೆಯ ಗುಂಪಿನವೇ.

ಅರ್ಥವಾದದಲ್ಲಿ ಮತ್ತೆ ಮೂರು ಬಗೆ. ಕಣ್ಣಿಗೆ ಕಾಣುವುದಕ್ಕೆ ವಿರುದ್ಧವಾಗಿದ್ದರೆ ಗುಣವಾದ. "ಆದಿತ್ಯೋ ಯೂಪಃ", ಅಂದರೆ ಯಜ್ಞದ ಕಂಬವೇ ಸೂರ್ಯ ಎನ್ನುವುದು ಇದಕ್ಕೆ ಉದಾಹರಣೆ. ಕಂಬ ಕಂಬವೇ ಎಂದು ಎಲ್ಲರಿಗೂ ಗೊತ್ತು. ತುಪ್ಪ ಸವರಿದಾಗ ಅದು ಹೊಳೆಯುತ್ತದೆ, ಆ ಹೊಳಪಿನ ಗುಣ ಹಿಡಿದು ಸೂರ್ಯ ಎಂದರು. ಮೊದಲೇ ಗೊತ್ತಿರುವುದನ್ನು ಹೇಳಿದರೆ ಅನುವಾದ: "ಅಗ್ನಿರ್ಹಿಮಸ್ಯ ಭೇಷಜಮ್", ಚಳಿಗೆ ಬೆಂಕಿ ಮದ್ದು. ಇದನ್ನು ತಿಳಿಯಲು ವೇದವೇ ಬೇಕಿಲ್ಲ. ಎರಡೂ ಅಲ್ಲದ್ದು ಭೂತಾರ್ಥವಾದ: ಇಂದ್ರನು ವೃತ್ರನ ಮೇಲೆ ವಜ್ರ ಎತ್ತಿದ. ಇಲ್ಲಿಯೂ ಒಂದೇ ಅರ್ಥಕ್ಕೆ ಯಾರೂ ಪಟ್ಟುಹಿಡಿಯಲಿಲ್ಲ. ವೃತ್ರ ಯಾರು ಎಂಬ ಪ್ರಶ್ನೆಗೆ ಯಾಸ್ಕನು ವೇದಪದಗಳ ಅರ್ಥ ಬಿಡಿಸುವ ತನ್ನ ನಿರುಕ್ತದಲ್ಲಿ ಎರಡು ಉತ್ತರಗಳನ್ನು ಅಕ್ಕಪಕ್ಕ ಇಡುತ್ತಾನೆ: ಪದದ ಮೂಲ ಹುಡುಕುವ ನೈರುಕ್ತರಿಗೆ ಅವನು ಮೋಡ, ಹಳೆಯ ಕಥೆಯಾಗಿ ಓದುವ ಐತಿಹಾಸಿಕರಿಗೆ ತ್ವಷ್ಟೃವಿನ ಮಗನಾದ ಅಸುರ.

ಇಷ್ಟು ಕೇಳಿದವರು ಸಾಮಾನ್ಯವಾಗಿ ಎಡವುವ ಜಾಗ ಒಂದಿದೆ. ಮುಜುಗರವಾದ ವಾಕ್ಯ ಕಂಡ ಕೂಡಲೇ "ಅದು ಸಾಂಕೇತಿಕ" ಎಂದು ಜಾರಿಕೊಳ್ಳುತ್ತಾರೆ. ಹಾಗೆ ಮಾಡುವ ಹಾಗಿಲ್ಲ. ಮೊದಲ ಹಕ್ಕು ಮುಖ್ಯಾರ್ಥಕ್ಕೆ, ಅಂದರೆ ಪದದ ನೇರ ಅರ್ಥಕ್ಕೆ. ಅದು ಹೊಂದದೇ ಹೋದಾಗ ಮಾತ್ರ ಲಕ್ಷಣೆ, ಅಂದರೆ ಅದಕ್ಕೆ ಹತ್ತಿರದ ಇನ್ನೊಂದು ಅರ್ಥ. "ಗಂಗೆಯಲ್ಲಿ ಹಟ್ಟಿ ಇದೆ" ಎಂದರೆ ನೀರಿನ ಮೇಲೆ ಹಟ್ಟಿ ನಿಲ್ಲದು, ಆದ್ದರಿಂದ ಗಂಗೆಯ ದಡ. "ಗಂಗೆಯಲ್ಲಿ ಮೀನಿದೆ" ಎಂದರೆ ದಡಕ್ಕೆ ಹೋಗುವ ಕೆಲಸವಿಲ್ಲ. ನಮಗೆ ಹಿಡಿಸದ ವಿಧಿವಾಕ್ಯವೊಂದು ಎದುರಾದರೆ ಹಿಡಿಸಲಿಲ್ಲ ಎಂದೇ ಹೇಳುವುದು ಪ್ರಾಮಾಣಿಕತೆ. ಅದಕ್ಕೆ ಹೊಸ ಸಂಕೇತ ಹೊಲಿದು ತೊಡಿಸುವುದು ಪ್ರಶ್ನಿಸುವುದೂ ಅಲ್ಲ, ನಂಬುವುದೂ ಅಲ್ಲ.

ಪ್ರಶ್ನೆ: "ಸಂಶಯಾತ್ಮಾ ವಿನಶ್ಯತಿ" ಎಂದು ಗೀತೆಯೇ ಹೇಳಿರುವಾಗ ಶಾಸ್ತ್ರವನ್ನು ಪ್ರಶ್ನಿಸುವುದು ಪಾಪವಲ್ಲವೇ? – ನಿವೃತ್ತ ಶಿಕ್ಷಕ, ಹಾಸನ

ಉತ್ತರ: ತಾವು ಉಲ್ಲೇಖಿಸಿದ್ದು ನಾಲ್ಕನೆಯ ಅಧ್ಯಾಯದ 40ನೆಯ ಶ್ಲೋಕ. ದಯವಿಟ್ಟು ಇನ್ನೆರಡು ಶ್ಲೋಕ ಮುಂದೆ ಹೋಗಿ. 42ರಲ್ಲಿ ಸಂಶಯವನ್ನು ಜ್ಞಾನವೆಂಬ ಕತ್ತಿಯಿಂದ ಕಡಿ ಎಂದಿದೆ, ಅದುಮಿಡು ಎಂದಿಲ್ಲ. 40ರಿಂದ ಆರು ಶ್ಲೋಕ ಹಿಂದೆ ಹೋದರೆ 34ರಲ್ಲಿ ಜ್ಞಾನಕ್ಕೆ ಮೂರು ದಾರಿ ಹೇಳಿದೆ: ಪ್ರಣಿಪಾತ (ನಮಸ್ಕಾರ), ಪರಿಪ್ರಶ್ನ, ಸೇವೆ. ಬರೀ ಪ್ರಶ್ನೆಯಲ್ಲ, ಪರಿಪ್ರಶ್ನ. ಸುತ್ತಲೂ ತಡಕಿ ಕೇಳುವುದು. ಆರನೆಯ ಅಧ್ಯಾಯದಲ್ಲಿ ಅರ್ಜುನನೇ "ನನ್ನ ಈ ಸಂಶಯ ಕಳೆಯಬೇಕು" ಎನ್ನುತ್ತಾನೆ, ಯಾರೂ ಅವನನ್ನು ಗದರಲಿಲ್ಲ. ಎಲ್ಲ ಮುಗಿದ ಮೇಲೆ 18ನೆಯ ಅಧ್ಯಾಯದ 63ರಲ್ಲಿ "ಪೂರ್ತಿಯಾಗಿ ವಿಮರ್ಶಿಸಿ, ಆಮೇಲೆ ಇಷ್ಟಬಂದಂತೆ ಮಾಡು" ಎಂಬ ಮಾತು ಬರುತ್ತದೆ.

ಶಂಕರಾಚಾರ್ಯರ ಗೀತಾಭಾಷ್ಯದ ಇನ್ನೊಂದು ವಾಕ್ಯ ನೆನಪಿಡುವಂಥದ್ದು. ಬೆಂಕಿ ತಣ್ಣಗಿದೆ, ಬೆಳಕಿಲ್ಲದ್ದು ಎಂದು ನೂರು ಶ್ರುತಿಗಳು (ವೇದವಾಕ್ಯಗಳು) ಹೇಳಿದರೂ ಅದು ಪ್ರಮಾಣವಾಗದು ಎಂದು 18.66ರ ಭಾಷ್ಯದಲ್ಲಿ ಬರೆದಿದ್ದಾರೆ. ಶ್ರುತಿಯನ್ನು ತಳ್ಳಿಹಾಕಲು ಹೇಳಿದ ಮಾತಲ್ಲ ಇದು. ಕಣ್ಣಿಗೆ, ಕೈಗೆ ಸಿಗುವ ವಿಷಯದಲ್ಲಿ ಪ್ರತ್ಯಕ್ಷದ ಮಾತು ನಡೆಯುತ್ತದೆ; ಶ್ರುತಿಯ ಅಧಿಕಾರ ಇರುವುದು ಅದಕ್ಕೆ ಎಟುಕದ ವಿಷಯದಲ್ಲಿ ಎಂಬ ಗಡಿಕಲ್ಲು.

ಪ್ರಶ್ನೆ: ಏನು ಕೇಳಿದರೂ "ಶಾಸ್ತ್ರದಲ್ಲಿದೆ" ಅನ್ನುತ್ತಾರೆ. ಇದೆಯೋ ಇಲ್ಲವೋ ಸಾಮಾನ್ಯರು ತಿಳಿಯುವುದು ಹೇಗೆ? – ಬ್ಯಾಂಕ್ ಉದ್ಯೋಗಿ, ದಾವಣಗೆರೆ

ಉತ್ತರ: ಯಾವ ಗ್ರಂಥ, ಎಷ್ಟನೆಯ ಅಧ್ಯಾಯ, ಯಾವ ಶ್ಲೋಕ ಎಂದು ವಿನಯದಿಂದಲೇ ಕೇಳಿ. ಅರ್ಧಕ್ಕರ್ಧ ತಕರಾರು ಅಲ್ಲೇ ಮುಗಿಯುತ್ತದೆ. ಸಂಖ್ಯೆ ಸಿಕ್ಕರೆ ಅದು ಶ್ರುತಿಯೋ, ಅಂದರೆ ವೇದವೋ, ಇಲ್ಲ ವೇದದ ನೆನಪಿನ ಮೇಲೆ ಆಮೇಲೆ ರಚಿಸಿದ ಸ್ಮೃತಿಯೋ ನೋಡಿ. ಎರಡಕ್ಕೂ ಜಗಳ ಬಿದ್ದರೆ ಸ್ಮೃತಿಯನ್ನು ಬಿಡಬೇಕೆಂದು ಜೈಮಿನಿ (1.3.3) ಹೇಳುತ್ತಾನೆ. ಶಬರನ ಉದಾಹರಣೆ ಹೀಗಿದೆ: ಸೋಮಯಾಗದಲ್ಲಿ ಅತ್ತಿಮರದ ಕಂಬ ನೆಡುತ್ತಾರೆ. ಅದನ್ನು ಮುಟ್ಟಿಕೊಂಡು ಸಾಮ ಹಾಡಬೇಕು ಎನ್ನುತ್ತದೆ ಶ್ರುತಿ. ಕಂಬಕ್ಕೆ ಪೂರ್ತಿ ಬಟ್ಟೆ ಸುತ್ತಬೇಕು ಎನ್ನುತ್ತದೆ ಒಂದು ಸ್ಮೃತಿ. ಪೂರ್ತಿ ಸುತ್ತಿದರೆ ಮುಟ್ಟುವುದೆಲ್ಲಿ? ಆದ್ದರಿಂದ ಸ್ಮೃತಿ ಬಿಡಿ ಎಂದ. ಮುಂದಿನ ಸೂತ್ರದ ಭಾಷ್ಯದಲ್ಲಿ ಅಂಥ ಸ್ಮೃತಿ ಹುಟ್ಟಿದ ಕಾರಣವನ್ನೂ ಮುಚ್ಚುಮರೆಯಿಲ್ಲದೆ ಹೇಳಿದ: ಬಟ್ಟೆಯ ಮೇಲೆ ಆಸೆಪಟ್ಟವರು ಯಾರೋ ಮಾಡಿದ್ದು. ಲೋಭದಂಥ ಕಾರಣ ಕಣ್ಣಿಗೇ ಕಾಣುವಾಗ ಅದಕ್ಕೆ ವೇದಮೂಲ ಊಹಿಸಬೇಕಿಲ್ಲ. ಆಸ್ತಿಕರಲ್ಲೇ ಆಸ್ತಿಕನಾದ ಮೀಮಾಂಸಕ ಆಡಿದ ಮಾತು ಇದು, ನಾಸ್ತಿಕನದಲ್ಲ.

ಸಂಖ್ಯೆ ಸಿಕ್ಕ ಮೇಲೂ ಮೂಲವನ್ನು ತೆರೆದೇ ನೋಡಬೇಕು. ಋಗ್ವೇದ 10.18.7 ನೋಡಿ. ಸಹಗಮನಕ್ಕೆ ಆಧಾರವೆಂದು ಎತ್ತಿ ಹಿಡಿದ ಮಂತ್ರವಿದು. ಕೊನೆಯಲ್ಲಿರುವುದು "ಯೋನಿಮಗ್ರೇ", ಅಂದರೆ ಮೊದಲು ತಮ್ಮ ಸ್ಥಾನಕ್ಕೆ ಏರಲಿ ಎಂದು. "ಅಗ್ರೇ" ಎಂಬುದನ್ನು "ಅಗ್ನೇಃ" ಎಂದು ಓದಿದರೆ ಬೆಂಕಿ ಬಂದುಬಿಡುತ್ತದೆ. ಅಷ್ಟಕ್ಕೂ ಮಂತ್ರ ಶುರುವಾಗುವುದೇ "ಇಮಾ ನಾರೀರವಿಧವಾಃ" ಎಂದು. ಅವಿಧವೆಯರು, ಗಂಡ ಬದುಕಿರುವ ಹೆಂಗಸರು, ತುಪ್ಪದ ಅಂಜನ ಹಚ್ಚಿಕೊಂಡು ಕಣ್ಣೀರಿಲ್ಲದೆ ಬರಲಿ ಎಂಬ ಮಾತು. ಸತ್ತವನ ಹೆಂಡತಿಯ ಸುದ್ದಿ ಮುಂದಿನ ಮಂತ್ರದಲ್ಲಿದೆ: "ಉದೀರ್ಷ್ವ ನಾರಿ", ಏಳು ತಾಯಿ, ಬದುಕಿರುವವರ ಲೋಕಕ್ಕೆ ಬಾ. ಅಕ್ಷರಶಃ ಓದಿದ್ದರೇ ಸಾಕಿತ್ತು. ನೇರ ಅರ್ಥವೇ ಹೆಂಗಸಿನ ಜೀವ ಉಳಿಸುವ ಕಡೆ ಇತ್ತು.

ಪ್ರಶ್ನೆ: ಹನುಮಾನ್ ಚಾಲೀಸಾದ "ಜುಗ ಸಹಸ್ರ ಜೋಜನ ಪರ ಭಾನೂ" ಸಾಲಿನಲ್ಲಿ ಸೂರ್ಯನ ದೂರ ನಿಖರವಾಗಿದೆಯಂತೆ: ಯುಗ 12,000, ಸಹಸ್ರ 1,000, ಯೋಜನ 8 ಮೈಲಿ, ಗುಣಿಸಿದರೆ 9.6 ಕೋಟಿ ಮೈಲಿ. ನಿಜವೇ? – ವಿದ್ಯಾರ್ಥಿನಿ, ತುಮಕೂರು

ಉತ್ತರ: ಗುಣಾಕಾರ ಸರಿ, ಲೆಕ್ಕ ತಪ್ಪು. 12,000 ಎನ್ನುವುದು ನಾಲ್ಕು ಯುಗ ಸೇರಿದ ದಿವ್ಯವರ್ಷಗಳ (ದೇವತೆಗಳ ವರ್ಷಗಳ) ಸಂಖ್ಯೆ, ಅಂದರೆ ಕಾಲದ ಅಳತೆ. ಅದನ್ನು ದೂರಕ್ಕೆ ಗುಣಿಸುವಂತಿಲ್ಲ. ಯೋಜನವಂತೂ ಊರಿಗೊಂದು: ಭೂಮಿಯ ವ್ಯಾಸ ಆರ್ಯಭಟನಲ್ಲಿ 1,050 ಯೋಜನ, ಸೂರ್ಯಸಿದ್ಧಾಂತವೆಂಬ ಹಳೆಯ ಖಗೋಳಗ್ರಂಥದಲ್ಲಿ 1,600. ಹಾಗಾಗಿ ಒಂದು ಯೋಜನ ಮೊದಲಿನದರಲ್ಲಿ ಸುಮಾರು 12 ಕಿಲೋಮೀಟರ್, ಎರಡನೆಯದರಲ್ಲಿ 8. ಬೇಕಾದ ಉತ್ತರ ಬರುವಂಥ ಯೋಜನವನ್ನು ಆರಿಸಿಕೊಂಡಿದ್ದಾರೆ. ನಿಜವಾಗಿ ಲೆಕ್ಕ ಹಾಕಿದ ಸೂರ್ಯಸಿದ್ಧಾಂತ ಸೂರ್ಯಕಕ್ಷೆಯ ಸುತ್ತಳತೆ 43,31,500 ಯೋಜನ ಎನ್ನುತ್ತದೆ. ಅದರಂತೆ ಸೂರ್ಯನ ದೂರ ಸುಮಾರು 55 ಲಕ್ಷ ಕಿಲೋಮೀಟರ್. ಇಂದು ಅಳೆದಿರುವುದು ಸುಮಾರು 15 ಕೋಟಿ. ಚಾಲೀಸಾದ ಆ ಸಾಲು ದೂರದ ಸೂರ್ಯನನ್ನು ಸಿಹಿಹಣ್ಣೆಂದು ನುಂಗಹೊರಟ ಮಗುವಿನದು. ಭಕ್ತರಿಗೆ ಬೇಕಾದ ಆ ಮಗುವನ್ನೇ ಕ್ಯಾಲ್ಕುಲೇಟರ್ ನುಂಗಿಹಾಕುತ್ತದೆ.

ಪ್ರಶ್ನೆ: "ತತ್ತ್ವಮಸಿ"ಗೆ ಅದ್ವೈತಿಗಳದ್ದು ಒಂದರ್ಥ, ನಮ್ಮ ಮಾಧ್ವರದ್ದು ಇನ್ನೊಂದು. ಅಕ್ಷರಶಃ ಓದುವವರು ಯಾರು? – ಓದುಗ, ಉಡುಪಿ

ಉತ್ತರ: ಇಬ್ಬರೂ ಹೌದು, ಇಬ್ಬರೂ ಅಲ್ಲ. ಛಾಂದೋಗ್ಯದ ಆರನೆಯ ಅಧ್ಯಾಯದಲ್ಲಿ ಈ ವಾಕ್ಯ ಒಂಬತ್ತು ಸಲ ಬರುತ್ತದೆ. "ಅದು ನೀನು" ಎಂದು ನೇರ ಓದುವ ಅದ್ವೈತಿಗಳು, ಅಲ್ಪಜ್ಞನಾದ ಜೀವ ಸರ್ವಜ್ಞನಾದ ಬ್ರಹ್ಮ ಹೇಗಾದಾನು ಎಂಬ ತೊಡಕಿಗೆ ಲಕ್ಷಣೆಯ ಮೊರೆಹೋಗುತ್ತಾರೆ. ಮಧ್ವಾಚಾರ್ಯರು ಪದವನ್ನೇ ಬೇರೆ ಕಡೆ ಒಡೆಯುತ್ತಾರೆ. ಹಿಂದಿನ "ಆತ್ಮಾ" ಸೇರಿದಾಗ "ಆತ್ಮಾ ತತ್" ಮತ್ತು "ಆತ್ಮಾ ಅತತ್" ಎರಡೂ ಸಂಧಿಯಲ್ಲಿ ಒಂದೇ ಸದ್ದು. ಅತತ್ ಎಂದರೆ ಅದು ನೀನಲ್ಲ. ದಾರಕ್ಕೆ ಕಟ್ಟಿದ ಹಕ್ಕಿ, ನೀರಿನಲ್ಲಿ ಕರಗಿದ ಉಪ್ಪು ಮುಂತಾದ ಒಂಬತ್ತು ದೃಷ್ಟಾಂತಗಳೂ ಭೇದವನ್ನೇ ತೋರುತ್ತವೆ ಎಂಬುದು ಅವರ ಬಲ. "ಏಕಮೇವಾದ್ವಿತೀಯಮ್" (ಒಂದೇ, ಎರಡನೆಯದಿಲ್ಲ) ಎಂಬ ಉಪಕ್ರಮ, ಅಂದರೆ ಆರಂಭದ ಮಾತು, ಅದ್ವೈತಿಗಳ ಬಲ. ಜಗಳ ನಂಬಿಕೆಯದ್ದಲ್ಲ, ಸಂಧಿಯದ್ದು, ಸಂದರ್ಭದ್ದು.

ಪ್ರಶ್ನೆ: "ವೇದಕ್ಕೆ ಒರೆಯ ಕಟ್ಟುವೆ, ಆಗಮದ ಮೂಗ ಕೊಯ್ವೆ" ಎಂದ ಬಸವಣ್ಣನವರನ್ನು ಆಸ್ತಿಕರೆನ್ನಬಹುದೇ? – ಉಪನ್ಯಾಸಕಿ, ವಿಜಯಪುರ

ಉತ್ತರ: ಮೂಗು ಕೊಯ್ಯುವುದು ಗುಣವಾದ ಎಂದು ತಮಗೆ ಬಿಡಿಸಿ ಹೇಳಬೇಕಿಲ್ಲ. ಉಪಕ್ರಮದ ಜೊತೆ ಉಪಸಂಹಾರವನ್ನೂ, ಅಂದರೆ ಕೊನೆಯ ಮಾತನ್ನೂ, ಸೇರಿಸಿ ಓದಬೇಕೆಂಬ ಮೀಮಾಂಸೆಯ ನಿಯಮ ವಚನಕ್ಕೂ ಸಲ್ಲುತ್ತದೆ. ಭಾಷಣಗಳಲ್ಲಿ ಮೊದಲೆರಡು ಸಾಲು ಹೇಳಿ ನಿಲ್ಲಿಸುತ್ತಾರೆ. ವೇದವನ್ನು ಕೆಣಕಿದ ವಚನ ಮುಗಿಯುವುದು ದೇವರನ್ನೇ ಕರೆಯುತ್ತಾ, ಹೀಗೆ: "ಮಹಾದಾನಿ ಕೂಡಲಸಂಗಮದೇವಾ, ಮಾದಾರ ಚೆನ್ನಯ್ಯನ ಮನೆಯ ಮಗ ನಾನಯ್ಯಾ."