‘ಸರ್ ಇಲ್ವಾ ಮೇಡಂ?’: ಪರ್ಚೇಸ್ ವಿಭಾಗದಿಂದ ಬಂದ ಒಂದು ಪ್ರಕರಣ

ಈ ಪ್ರಕರಣವನ್ನು ಸಂಬಂಧಪಟ್ಟ ಹೆಣ್ಣುಮಗಳ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಅವರನ್ನು ಸುಮತಿ ಎಂದು ಕರೆಯೋಣ.

ಸುಮತಿಗೆ 31 ವರ್ಷ. ಮೆಕ್ಯಾನಿಕಲ್ ಇಂಜಿನಿಯರ್. ಪೀಣ್ಯದ ಕಡೆ ಗಾಡಿಗಳ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯಲ್ಲಿ ಮೊದಲು ಕ್ವಾಲಿಟಿಯಲ್ಲಿದ್ದರು, ಆಮೇಲೆ ಪರ್ಚೇಸ್‌ಗೆ, ಅಂದರೆ ಕಂಪನಿಗೆ ಬೇಕಾದ ಮಾಲು ಕೊಳ್ಳುವ ವಿಭಾಗಕ್ಕೆ ಬಂದರು. ಸಲಹೆ ಕೇಳಲು ನನ್ನ ಹತ್ತಿರ ಬಂದಾಗ ಮಗುವಿಗೆ 14 ತಿಂಗಳು. ಕೂತ ಕೂಡಲೇ ಹೇಳಿದ್ದು ಇಷ್ಟು: “ಮೇಡಂ, ನನಗೆ ಕಾನ್ಫಿಡೆನ್ಸ್ ಕಮ್ಮಿ. ಪರ್ಚೇಸ್ ನನ್ನಂಥವರಿಗೆ ಅಲ್ಲ. ಎಚ್‌ಆರ್‌ಗೆ ಬದಲಾಯಿಸಿಕೊಳ್ಳೋಣ ಅಂತಿದ್ದೀನಿ.”

‘ಕಾನ್ಫಿಡೆನ್ಸ್ ಕಮ್ಮಿ’ ಎಂಬ ಮಾತನ್ನು ನಾನು ಬೇಗ ನಂಬುವುದಿಲ್ಲ. ಅದು ಅವರದೇ ಮಾತಾ, ಯಾರಾದರೂ ಹೇಳಿಕೊಟ್ಟದ್ದಾ ಎಂದು ಮೊದಲು ನೋಡುತ್ತೇನೆ. ಇಲ್ಲಿ ಅದು ಅಪ್ರೈಸಲ್ ಫಾರಂನಲ್ಲಿ ಮ್ಯಾನೇಜರ್ ಬರೆದಿದ್ದ ವಾಕ್ಯ.

ಬೆಳಿಗ್ಗೆಯಿಂದ ಸಂಜೆವರೆಗೆ ಆಫೀಸಿನಲ್ಲಿ ಏನೇನು ಮಾಡ್ತೀರಿ, ಹೇಳಿ ಎಂದೆ. ಪಿಒ (ಖರೀದಿ ಆರ್ಡರ್) ಹಾಕುವುದು. ಮಾಲು ಎಲ್ಲಿಗೆ ಬಂತು ಎಂದು ವೆಂಡರ್‌ಗಳಿಗೆ, ಅಂದರೆ ಮಾಲು ಪೂರೈಸುವವರಿಗೆ ಫೋನ್ ಮಾಡುವುದು. ಬಿಲ್ಲಿಗೂ ಸ್ಟೋರ್ಸ್‌ನ ಲೆಕ್ಕಕ್ಕೂ ತಾಳೆಯಾಗದಿದ್ದರೆ ಸರಿಪಡಿಸುವುದು. ಪೇಮೆಂಟ್ ತಡವಾದರೆ ಬೈಸಿಕೊಳ್ಳುವುದು. ಹೆರಿಗೆ ರಜೆಗೆ ಮುಂಚೆ ಏನು ಮಾಡ್ತಿದ್ದಿರಿ? “ಕಾಸ್ಟಿಂಗ್ ನಂದಿತ್ತು ಮೇಡಂ.” ಕಾಸ್ಟಿಂಗ್ ಅಂದರೆ ಲೋಹ ಕರಗಿಸಿ ಅಚ್ಚಿಗೆ ಎರೆದು ಮಾಡುವ ಎರಕದ ಭಾಗಗಳು. ಅವಕ್ಕೆ ವೆಂಡರ್ ಹುಡುಕುವುದು, ರೇಟ್ ಕುದುರಿಸುವುದು, ಬೆಳಗಾವಿ, ಕೊಯಮತ್ತೂರಿನ ಫೌಂಡ್ರಿಗಳಿಗೆ (ಎರಕದ ಕಾರ್ಖಾನೆಗಳಿಗೆ) ಹೋಗಿ ನೋಡಿ ಬರುವುದು ಎಲ್ಲ ಅವರೇ. ರಜೆ ಮುಗಿಸಿ ಬರುವ ಹೊತ್ತಿಗೆ ಕಾಸ್ಟಿಂಗ್ ಬೇರೊಬ್ಬರ ಕೈಗೆ ಹೋಗಿತ್ತು. “ಮಗು ಚಿಕ್ಕದು, ಓಡಾಟ ಬೇಡ, ಆರಾಮಾಗಿ ಫಾಲೋಅಪ್ ನೋಡ್ಕೊಳಿ” ಎಂದಿದ್ದರಂತೆ. ಯಾರೂ ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ಆ ಕಂಪನಿಯಲ್ಲಿ ಪರ್ಚೇಸ್‌ನವರ ಇನ್‌ಕ್ರಿಮೆಂಟ್ ನಿಂತಿರುವುದು ಎಷ್ಟು ಉಳಿತಾಯ ಮಾಡಿದರು ಎಂಬುದರ ಮೇಲೆ. ಫಾಲೋಅಪ್ ಮಾಡುವವರು ಉಳಿತಾಯ ತೋರಿಸುವುದು ಎಲ್ಲಿಂದ? ಅಪ್ರೈಸಲ್ ಫಾರಂನಲ್ಲಿ ಆ ಕಾಲಂ ಖಾಲಿ ಉಳಿಯಿತು. ಅದರ ಪಕ್ಕದಲ್ಲಿ ‘ಕಾನ್ಫಿಡೆನ್ಸ್ ಕಮ್ಮಿ’ ಬಂದು ಕೂತಿತು.

ಎರಕದ ರೇಟ್ ಹೇಗೆ ಕುದುರಿಸ್ತೀರಿ ಎಂದು ಸುಮ್ನೆ ಕುತೂಹಲಕ್ಕೆ ಕೇಳಿದೆ. ಅಲ್ಲಿಯವರೆಗೆ ನೆಲ ನೋಡಿಕೊಂಡು ಮಾತಾಡುತ್ತಿದ್ದವರು ನನ್ನ ಪೆನ್ನು, ಹಾಳೆ ತೆಗೆದುಕೊಂಡರು. ಎರಕಕ್ಕೆ ಕೆಜಿ ಲೆಕ್ಕದಲ್ಲಿ ರೇಟ್. ಪಿಗ್ ಐರನ್ (ಎರಕಕ್ಕೆ ಬಳಸುವ ಕಚ್ಚಾ ಕಬ್ಬಿಣ) ರೇಟ್ ಏರಿದೆ, ಕರೆಂಟ್ ಏರಿದೆ, ಕೆಜಿಗೆ 6 ರೂಪಾಯಿ ಜಾಸ್ತಿ ಕೊಡಿ ಎಂದು ವೆಂಡರ್ ಕೇಳುತ್ತಾನೆ ಅಂದುಕೊಳ್ಳಿ. ಆಗ ಆ 6 ರೂಪಾಯಿಯನ್ನು ಬಿಡಿಸಬೇಕು. ಕಬ್ಬಿಣಕ್ಕೆ ಎಷ್ಟು, ಗುಜರಿಗೆ ಎಷ್ಟು, ಕರೆಂಟಿಗೆ, ಕೋರ್‌ಗೆ (ಭಾಗದೊಳಗೆ ಟೊಳ್ಳು ಬರಲು ಅಚ್ಚಿನಲ್ಲಿ ಇಡುವ ತುಂಡು), ಫೆಟ್ಲಿಂಗ್‌ಗೆ (ಎರಕವನ್ನು ಕೆರೆದು ನಯ ಮಾಡುವುದು) ಎಷ್ಟು, ರಿಜೆಕ್ಷನ್‌ಗೆ (ಕೆಟ್ಟುಹೋಗುವ ಮಾಲಿಗೆ) ಎಷ್ಟು. “ಕಬ್ಬಿಣದ ರೇಟ್ ಮಾರ್ಕೆಟ್ಟಿಂದು, ಅದು ನ್ಯಾಯ, ಕೊಡೋಣ. ರಿಜೆಕ್ಷನ್ ಅವನ ಕೈಲಿರೋದು. ಅದಕ್ಕೆ ನಾವ್ಯಾಕೆ ದುಡ್ಡು ಕೊಡಬೇಕು?” ಹೀಗೆ ಮಾತಾಡುವವರಿಗೆ ಆತ್ಮವಿಶ್ವಾಸದ ಪಾಠ ನಾನೇನು ಹೇಳಲಿ?

ಅವರಿಗೆ ಹಾಗೇ ಹೇಳಿದೆ. ನಿಮಗೆ ಕೆಲಸ ಬರುತ್ತೆ. ಕೆಲಸ ನಿಮ್ಮ ಕೈಲಿಲ್ಲ, ಅಷ್ಟೇ.

ಇನ್ನೊಂದು ವಿಷಯ ಹೊರಬರಲು ಇನ್ನಷ್ಟು ಭೇಟಿಗಳು ಬೇಕಾದವು. ಪರ್ಚೇಸ್‌ನಲ್ಲಿರುವ ಗಂಡಸಿನ ಮೇಲೆ ಒಂದೇ ಅನುಮಾನ: ಕಮಿಷನ್ ತಿಂತಾನಾ? ಹೆಂಗಸಿನ ಮೇಲೆ ಎರಡು. ಅವರು ಒಬ್ಬ ವೆಂಡರ್‌ಗೆ ಆರ್ಡರ್ ಜಾಸ್ತಿ ಕೊಟ್ಟರೆ ‘ಏನೋ ಇದೆ’ ಎನ್ನುತ್ತಾರೆ, ಕಡಿಮೆ ಕೊಟ್ಟರೆ ‘ಬಲು ಜೋರು’ ಎನ್ನುತ್ತಾರೆ. ಸುಮತಿಗೆ ಒಬ್ಬ ವೆಂಡರ್ ಕಡೆಯವನು ರಾತ್ರಿ ಹೊತ್ತು ಮೆಸೇಜ್ ಹಾಕುತ್ತಿದ್ದ. ಮೊದಲು ಡೆಲಿವರಿ ವಿಷಯ, ಆಮೇಲೆ ಗುಡ್ ನೈಟ್, ಆಮೇಲೆ ಡಿಪಿ ಚೆನ್ನಾಗಿದೆ ಮೇಡಂ. ಹೇಳಿದರೆ ತನ್ನನ್ನೇ ಆಡಿಕೊಳ್ಳುತ್ತಾರೆ ಎಂದು ಅವರು ಸುಮ್ಮನಿದ್ದರು. ಎಚ್‌ಆರ್‌ಗೆ ಹೋಗುವ ಯೋಚನೆಯ ಬೇರು ಅರ್ಧ ಇಲ್ಲಿತ್ತು. ವೆಂಡರ್‌ಗಳು ಫೋನ್ ಮಾಡಿ “ಸರ್ ಇಲ್ವಾ ಮೇಡಂ?” ಎಂದು ಕೇಳುವುದು ಕೂಡ ಚುಚ್ಚುತ್ತಿತ್ತು. ಆದರೆ ಅದನ್ನು ನಗುತ್ತಲೇ ಹೇಳಿದರು.

ನಾನು ಕೊಟ್ಟ ಸಲಹೆಯಲ್ಲಿ ಮೊದಲನೆಯದು ಈ ಮೆಸೇಜಿನದು. ಒಂದನ್ನೂ ಅಳಿಸಬೇಡಿ, ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಇನ್ನು ಮುಂದೆ ಕೆಲಸದ ಮಾತೆಲ್ಲ ಆಫೀಸ್ ಇಮೇಲ್‌ನಲ್ಲಿ ಎಂದು ಒಂದೇ ಸಾಲಿನ ಉತ್ತರ ಕೊಡಿ. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಕಂಪನಿಯ ಒಳಗಿನವರಿಗೆ ಮಾತ್ರ ಅಂತ ತುಂಬ ಜನ ತಿಳಿದಿದ್ದಾರೆ. ಕೆಲಸದ ಸಲುವಾಗಿ ನೀವು ಹೋಗುವ ಜಾಗವೂ ಅದರ ಪ್ರಕಾರ ಕೆಲಸದ ಸ್ಥಳವೇ. ಕೆಲಸದಲ್ಲಿ ಎದುರಾಗುವ ಹೊರಗಿನವರಿಂದಲೂ ರಕ್ಷಣೆ ಕೊಡುವುದು ಮಾಲೀಕರ ಹೊಣೆ. 10 ಅಥವಾ ಹೆಚ್ಚು ಜನ ಇರುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಲಿಖಿತ ದೂರಿಗೆ 3 ತಿಂಗಳ ಗಡುವಿದೆ, ಸಕಾರಣ ಇದ್ದರೆ ಸಮಿತಿ ಇನ್ನೂ 3 ತಿಂಗಳು ಬಿಡಬಹುದು. ದೂರು ಕೊಡಬೇಕೋ ಬೇಡವೋ ಎಂಬುದನ್ನು ಅವರಿಗೇ ಬಿಟ್ಟೆ. ಗಡುವು ಮಾತ್ರ ಕ್ಯಾಲೆಂಡರ್‌ನಲ್ಲಿ ಬರೆದುಕೊಳ್ಳಲು ಹೇಳಿದೆ.

ಎರಡನೆಯದು, ಮ್ಯಾನೇಜರ್ ಹತ್ತಿರ ‘ನನಗೆ ಅವಕಾಶ ಕೊಡಿ’ ಎನ್ನಬೇಡಿ, ‘ಈ ಕಮಾಡಿಟಿ ನನ್ನ ಹೆಸರಿಗೆ ಬರೆಯಿರಿ’ ಎನ್ನಿ. ಕಮಾಡಿಟಿ ಅಂದರೆ ಕಾಸ್ಟಿಂಗ್‌ನಂತೆ ಒಬ್ಬರ ಹೊಣೆಗೆ ಬಿಟ್ಟ ಒಂದು ಬಗೆಯ ಮಾಲು. ಅವಕಾಶ ಕೇಳಿದರೆ “ನೋಡೋಣ” ಎನ್ನುತ್ತಾರೆ. ಕಮಾಡಿಟಿಯ ಹೆಸರು ಹಿಡಿದು ಕೇಳಿದರೆ ಹೌದೋ ಅಲ್ಲವೋ ಹೇಳಲೇಬೇಕು. ಪ್ಯಾಕಿಂಗ್ ಬಾಕ್ಸು, ಸ್ಟೇಷನರಿ ಕೊಟ್ಟು ಸಮಾಧಾನ ಮಾಡಲು ನೋಡಬಹುದು ಎಂದೂ ಎಚ್ಚರಿಸಿದೆ. ಈ ಕ್ಷೇತ್ರದಿಂದ ನನ್ನ ಹತ್ತಿರ ಬರುವ ಹೆಣ್ಣುಮಕ್ಕಳಿಂದ ಇದನ್ನೇ ಕೇಳುತ್ತಿರುತ್ತೇನೆ. ಕಾಸ್ಟಿಂಗ್, ಫೋರ್ಜಿಂಗ್ (ಲೋಹ ಬಡಿದು, ಒತ್ತಿ ಮಾಡುವ ಭಾಗಗಳು) ಗಂಡುಮಕ್ಕಳಿಗೆ. ರಟ್ಟಿನ ಡಬ್ಬ ಇವರಿಗೆ.

ಫಾಲೋಅಪ್ ಕೆಲಸದಲ್ಲೂ ಒಂದು ದಾರಿ ಕಂಡಿತು. ಪೇಮೆಂಟ್ ತಡವಾಗಿದೆ ಎಂದು ಇವರನ್ನು ಬೈಯುತ್ತಿದ್ದವರಲ್ಲಿ ಹೆಚ್ಚಿನವರು ಸಣ್ಣ ಉದ್ದಿಮೆಗಳವರು. ಅಂಥವರಿಗೆ ಹೆಚ್ಚೆಂದರೆ 45 ದಿನದಲ್ಲಿ ದುಡ್ಡು ಕೊಡಬೇಕು ಎಂದು 2006ರ ಎಂಎಸ್‌ಎಂಇ ಕಾಯ್ದೆ ಹೇಳುತ್ತದೆ. 2024ರ ಏಪ್ರಿಲ್‌ನಿಂದ ಆದಾಯ ತೆರಿಗೆಯ ನಿಯಮವೂ ಬಿಗಿಯಾಗಿದೆ. ಗಡುವು ಮೀರಿದರೆ ಕಂಪನಿ ಆ ಖರ್ಚನ್ನು ನಿಜಕ್ಕೂ ದುಡ್ಡು ಕೊಟ್ಟ ವರ್ಷದಲ್ಲೇ ತನ್ನ ಆದಾಯದಿಂದ ಕಳೆಯಬೇಕು. ಇದು ನನಗೆ ಗೊತ್ತಿರಲಿಲ್ಲ, ಸುಮತಿಯೇ ಹೇಳಿದ್ದು. ಹಾಗಾದರೆ ಬಾಕಿ ಪಟ್ಟಿ ಮಾಡಿ ಅಕೌಂಟ್ಸ್‌ಗೆ ಪ್ರತಿ ವಾರ ನಿಮ್ಮ ಹೆಸರಿನಲ್ಲೇ ಕಳಿಸಿ ಎಂದೆ. ಬೈಗುಳ ತಿನ್ನುವ ಜಾಗದಲ್ಲೇ ಲೆಕ್ಕಕ್ಕೆ ಸಿಗುವ ಕೆಲಸ ಇತ್ತಲ್ಲ.

ಮನೆ ವಿಷಯಕ್ಕೆ ಒಂದು ಸಲ ಗಂಡನನ್ನೂ ಕರೆಸಿದೆ. ಒಳ್ಳೆಯ ಮನುಷ್ಯ. “ನಾನೇನೂ ಬೇಡ ಅಂದಿಲ್ಲ ಮೇಡಂ, ಅಮ್ಮ ಒಪ್ಪಬೇಕಷ್ಟೇ” ಎಂದರು. ಅಮ್ಮನನ್ನು ಒಪ್ಪಿಸುವುದು ಯಾರ ಕೆಲಸ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು “ನಂದೇ” ಎಂದರು. ತಿಂಗಳಿಗೆ ಒಂದು ರಾತ್ರಿಯ ಟೂರ್, ಆ ರಾತ್ರಿ ಮಗು ಅಪ್ಪನ ಜವಾಬ್ದಾರಿ ಎಂದು ಮಾತಾಯಿತು. 50 ಅಥವಾ ಹೆಚ್ಚು ಜನ ಇರುವ ಕಂಪನಿ ಮಕ್ಕಳ ಪಾಲನಾ ಕೇಂದ್ರ ಒದಗಿಸಬೇಕು, ತಾಯಿ ದಿನಕ್ಕೆ 4 ಸಲ ಅಲ್ಲಿಗೆ ಹೋಗಿಬರಬಹುದು ಎಂದು 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿ ಬಂತು. ರಜೆ 26 ವಾರ ಆಯಿತು ಎನ್ನುವುದು ಎಲ್ಲರಿಗೂ ಗೊತ್ತು, ಇದು ಗೊತ್ತಿಲ್ಲ. ಸುಮತಿಯ ಗಂಡನಿಗೂ ಗೊತ್ತಿರಲಿಲ್ಲ.

ಆಮೇಲೆ ಏನಾಯಿತು? ಮ್ಯಾನೇಜರ್ ನಿಜವಾಗಿಯೂ ಪ್ಯಾಕಿಂಗ್ ಕೊಡಲು ಬಂದರು. ತೆಗೆದುಕೊಳ್ಳಿ, ಆದರೆ ಆರು ತಿಂಗಳಲ್ಲಿ ಕಾಸ್ಟಿಂಗ್ ವಾಪಸ್ ಎಂದು ಇಮೇಲ್‌ನಲ್ಲಿ ಬರೆಸಿಕೊಳ್ಳಿ ಎಂಬುದು ನನ್ನ ಅಭಿಪ್ರಾಯವಾಗಿತ್ತು. ಸುಮತಿ ಒಪ್ಪಲಿಲ್ಲ. ರಜೆಗೆ ಮುಂಚಿನ ತಮ್ಮ ಉಳಿತಾಯದ ಲೆಕ್ಕ ತೋರಿಸಿ ಎರಕದ ಸಣ್ಣ ಭಾಗಗಳಷ್ಟನ್ನೇ ಕೇಳಿದರು, ಪಡೆದರು. ವೆಂಡರ್‌ಗಳಿಗೆ ಮ್ಯಾನೇಜರ್ ಕಡೆಯಿಂದಲೇ ಒಂದು ಮೇಲ್ ಹೋಯಿತು: ಈ ಭಾಗಗಳ ರೇಟ್ ಇನ್ನು ಸುಮತಿಯವರ ಹತ್ತಿರವೇ ಮಾತಾಡಿ. ಇದನ್ನು ಕೇಳಬೇಕು ಎಂದು ನಾವು ಮೊದಲೇ ಮಾತಾಡಿಕೊಂಡಿದ್ದೆವು. ಬೆಳಗಾವಿಗೆ ಕ್ವಾಲಿಟಿಯವರೊಬ್ಬರ ಜೊತೆ ಹೋಗಿ ಬಂದರು. ಮೆಸೇಜಿನ ಬಗ್ಗೆ ದೂರು ಕೊಡಲಿಲ್ಲ. ಮ್ಯಾನೇಜರ್‌ಗೆ ಸ್ಕ್ರೀನ್‌ಶಾಟ್ ತೋರಿಸಿದರು, ಆ ವೆಂಡರ್ ಕಡೆಯಿಂದ ಬೇರೆಯವರು ಬರುವಂತಾಯಿತು. ಅಷ್ಟು ಸಾಲದು ಎಂದೇ ನನಗೆ ಈಗಲೂ ಅನಿಸುತ್ತದೆ. ಆದರೆ ನಿರ್ಧಾರ ಅವರದು. ದೊಡ್ಡ ವೆಂಡರ್‌ಗಳ ಜೊತೆಗಿನ ರಾತ್ರಿ ಊಟಕ್ಕೆ ಮ್ಯಾನೇಜರ್ ಇನ್ನೂ ಒಬ್ಬರೇ ಹೋಗುತ್ತಾರೆ. ದೊಡ್ಡ ರೇಟ್‌ಗಳು ಇನ್ನೂ ಅಲ್ಲೇ ಫೈನಲ್ ಆಗುತ್ತವೆ.

ಪರ್ಚೇಸ್‌ಗೆ ಹೆಣ್ಣುಮಕ್ಕಳೇ ಬರುವುದಿಲ್ಲ ಎಂದು ಹೇಳುವ ಮ್ಯಾನೇಜರ್‌ಗಳು ಒಂದು ಕೆಲಸ ಮಾಡಬಹುದು. ಹೆರಿಗೆ ರಜೆಗೆ ಹೋಗುವವರ ಕಮಾಡಿಟಿಯನ್ನು ‘ತಾತ್ಕಾಲಿಕ’ ಎಂದು ಬರೆದು ಇನ್ನೊಬ್ಬರಿಗೆ ಕೊಡಿ, ವಾಪಸ್ ಕೊಡುವ ತಾರೀಖನ್ನೂ ಬರೆಯಿರಿ. ದುಡ್ಡು ಖರ್ಚಿಲ್ಲ. ಫೌಂಡ್ರಿ ವಿಸಿಟ್‌ಗೆ ಹೋಗುವುದಾ ಬೇಡವಾ ಎಂದು ಅವರನ್ನೇ ಕೇಳಿ.

ಓದು ಮುಗಿಸಿ ಈ ಕಡೆ ಬರಬೇಕು ಎಂದುಕೊಂಡಿರುವ ಹುಡುಗಿಯರೂ ನನ್ನನ್ನು ಕೇಳುತ್ತಾರೆ. ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮೆಟೀರಿಯಲ್ಸ್ ಮ್ಯಾನೇಜ್‌ಮೆಂಟ್‌ನ ಬೆಂಗಳೂರು ಶಾಖೆ ಇದೆ, ಕೆಲಸ ಮಾಡುತ್ತಲೇ ಅವರ ಡಿಪ್ಲೊಮಾ ಓದಬಹುದು. ಸ್ವಲ್ಪ ದಿನ ಶಾಪ್ ಫ್ಲೋರಿನಲ್ಲೋ ಕ್ವಾಲಿಟಿಯಲ್ಲೋ ಇದ್ದು ಬಂದರೆ ರೇಟ್ ಮಾತಾಡುವಾಗ ಗಟ್ಟಿಯಾಗಿ ನಿಲ್ಲಬಹುದು, ಸುಮತಿ ನಿಂತಂತೆ. ಇಂಟರ್‌ವ್ಯೂನಲ್ಲಿ ಕೊನೆಗೆ ‘ಏನಾದರೂ ಕೇಳೋದಿದೆಯಾ?’ ಎನ್ನುತ್ತಾರಲ್ಲ, ಆಗ ಎರಡು ಪ್ರಶ್ನೆ ಕೇಳಿ. ನನ್ನ ಹೆಸರಿಗೆ ಯಾವ ಕಮಾಡಿಟಿ ಇರುತ್ತೆ? ವೆಂಡರ್ ವಿಸಿಟ್‌ಗೆ ಹೋಗುವ ಹೆಣ್ಣುಮಕ್ಕಳು ಈಗ ನಿಮ್ಮಲ್ಲಿ ಎಷ್ಟು ಜನ?