ರ‍್ಯಾನ್ಸಮ್‌ವೇರ್ ಬಂದರೂ ಮನೆಯ ಕಂಪ್ಯೂಟರಿನ ಫೋಟೋ, ದಾಖಲೆಗಳು ಉಳಿಯಬೇಕಾದರೆ ಏನು ಮಾಡಬೇಕು?

ವಿಂಡೋಸ್ 10 ಇದೆ, ಆಂಟಿವೈರಸ್ ಹಾಕಿದ್ದೇನೆ, ಇಷ್ಟು ಸಾಕಾ ಎಂದು ಕೇಳಿದ್ದೀರಿ. ಸಾಲದು. ರ‍್ಯಾನ್ಸಮ್‌ವೇರ್ ಎಂದರೆ ಫೈಲುಗಳು ತೆರೆಯದಂತೆ ಬೀಗ ಹಾಕಿ, ಬಿಡಿಸಲು ಹಣ ಕೇಳುವ ದುಷ್ಟ ಪ್ರೋಗ್ರಾಂ. ಆಂಟಿವೈರಸ್‌ಗೆ ಗುರುತು ಸಿಗದ ಹೊಸ ತಳಿ ಬಂದ ದಿನವೂ ಫೈಲುಗಳು ಉಳಿಯಬೇಕಾದರೆ, ಅವುಗಳ ಇನ್ನೊಂದು ಪ್ರತಿ ಕಂಪ್ಯೂಟರಿನಿಂದ ಬಿಚ್ಚಿಟ್ಟ ಡಿಸ್ಕಿನಲ್ಲಿರಲೇಬೇಕು.

ಮನೆ ಕಂಪ್ಯೂಟರುಗಳನ್ನು ತುಂಬ ಕಾಡಿರುವ ಸ್ಟಾಪ್ ಡಿಜೆವಿಯು ಎಂಬ ರ‍್ಯಾನ್ಸಮ್‌ವೇರನ್ನೇ ನೋಡಿ. ಅದು ಸಿ ಡ್ರೈವಿನಲ್ಲೇ ನಿಲ್ಲುವುದಿಲ್ಲ. ಆ ಹೊತ್ತಿಗೆ ಸಿಕ್ಕಿಸಿದ್ದ ಪೆನ್‌ಡ್ರೈವ್, ಹಾರ್ಡ್‌ಡಿಸ್ಕ್‌ಗಳಿಗೂ ಬೀಗ ಬೀಳುತ್ತದೆ. ವಿಂಡೋಸ್ ತಾನೇ ಇಟ್ಟುಕೊಂಡಿರುವ ಶ್ಯಾಡೋ ಕಾಪಿಗಳನ್ನೂ (ಫೈಲುಗಳ ಹಳೆಯ ಪ್ರತಿಗಳು) ಅಳಿಸಿಹಾಕುತ್ತದೆ. ಕೊನೆಗೆ 980 ಡಾಲರ್ ಕೊಡಿ, 72 ಗಂಟೆಯೊಳಗಾದರೆ ಅರ್ಧ ಸಾಕು ಎಂಬ ಚೀಟಿ. ಇದು ಒಳಬರುವ ಮುಖ್ಯ ದಾರಿ ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್, ಲೈಸೆನ್ಸ್ ಕೊಳ್ಳದೆ ಚಾಲೂ ಮಾಡಿಕೊಡುವ ಆಕ್ಟಿವೇಟರ್‌ಗಳು. 'ಇನ್‌ಸ್ಟಾಲ್ ಮಾಡುವ ಮುಂಚೆ ಆಂಟಿವೈರಸ್ ಆಫ್ ಮಾಡಿ' ಎಂದು ಹೇಳುವ ಯಾವ ಫೈಲನ್ನೂ ತೆರೆಯಬೇಡಿ, ಕೊಟ್ಟವರು ಪರಿಚಯದವರೇ ಆಗಿದ್ದರೂ ಸರಿ.

ಬ್ಯಾಕಪ್‌ಗೆ 1 ಟಿಬಿಯ ಎರಡು ಡಿಸ್ಕ್ ತೆಗೆದುಕೊಳ್ಳಿ. ಒಂದು ವಾರ ಒಂದಕ್ಕೆ, ಮುಂದಿನ ವಾರ ಇನ್ನೊಂದಕ್ಕೆ ಕಾಪಿ ಮಾಡಿ. ಎರಡನ್ನೂ ಒಟ್ಟಿಗೆ ಸಿಕ್ಕಿಸಲೇಬೇಡಿ. ಡಿಸ್ಕ್ ಸಿಕ್ಕಿಸುವ ಮೊದಲು ಕಂಪ್ಯೂಟರಿನಲ್ಲಿರುವ ನಾಲ್ಕಾರು ಹಳೆಯ ಫೋಟೋ ತೆರೆದು ನೋಡಿ, ತೆರೆಯದಿದ್ದರೆ ಅಲ್ಲೇ ನಿಲ್ಲಿಸಿ. ಪ್ರತಿ ಸಲವೂ ತಾರೀಕಿನ ಹೆಸರಿನ ಹೊಸ ಫೋಲ್ಡರಿಗೆ ಹಾಕಿ. ವಿಂಡೋಸ್‌ನಲ್ಲೇ ಇರುವ ಕಾಪಿ ಸಾಧನ ರೋಬೋಕಾಪಿಯ ಮಿರರ್ ಆಯ್ಕೆ ಇಲ್ಲಿ ಅಪಾಯಕಾರಿ: ಕಂಪ್ಯೂಟರಿನಲ್ಲಿ ಹಾಳಾದದ್ದನ್ನು ಹಾಗೆಯೇ ಡಿಸ್ಕಿಗೂ ತಂದು ಒಳ್ಳೆಯ ಪ್ರತಿಯನ್ನು ಅಳಿಸುತ್ತದೆ. ಗೂಗಲ್ ಡ್ರೈವ್ ಸಿಂಕ್‌ನದೂ ಇದೇ ಕಥೆ. ಹಳೆಯ ಆವೃತ್ತಿ ಸಾಮಾನ್ಯವಾಗಿ 30 ದಿನ ಸಿಗುತ್ತದಾದರೂ ಅದೊಂದನ್ನೇ ನಂಬಿ ಕೂರಬೇಡಿ.

ಇನ್ನು ವಿಂಡೋಸ್ ಸೆಕ್ಯೂರಿಟಿಯಲ್ಲಿ ವೈರಸ್ ಆ್ಯಂಡ್ ಥ್ರೆಟ್ ಪ್ರೊಟೆಕ್ಷನ್ ತೆರೆದು, ಕೆಳಗಿರುವ ರ‍್ಯಾನ್ಸಮ್‌ವೇರ್ ಪ್ರೊಟೆಕ್ಷನ್‌ಗೆ ಹೋಗಿ ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್ ಆನ್ ಮಾಡಿ. ಡಾಕ್ಯುಮೆಂಟ್ಸ್, ಪಿಕ್ಚರ್ಸ್‌ನಂಥ ಫೋಲ್ಡರುಗಳಿಗೆ ಅಪರಿಚಿತ ಪ್ರೋಗ್ರಾಂ ಕೈಹಾಕದಂತೆ ಇದು ತಡೆಯುತ್ತದೆ. ಫೋಟೋಗಳು ಡಿ ಡ್ರೈವಿನಲ್ಲಿದ್ದರೆ ಆ ಫೋಲ್ಡರನ್ನು ನೀವೇ ಸೇರಿಸಬೇಕು. ವಿಂಡೋಸ್ ಜೊತೆಗೇ ಬರುವ ಆಂಟಿವೈರಸ್ ಆದ ಡಿಫೆಂಡರ್ ಚಾಲೂ ಇದ್ದರೆ ಮಾತ್ರ ಇದು ಕೆಲಸ ಮಾಡುತ್ತದೆ; ಬೇರೆ ಆಂಟಿವೈರಸ್ ಹಾಕಿದರೆ ಈ ಕಾವಲು ಇರುವುದಿಲ್ಲ. ಅದಕ್ಕೇ ಮನೆ ಬಳಕೆಗೆ ಡಿಫೆಂಡರ್ ಒಂದೇ ಇರಲಿ ಎನ್ನುತ್ತೇನೆ. ಹಳೆಯ ಪ್ರೋಗ್ರಾಂ ಯಾವುದಾದರೂ ಸೇವ್ ಆಗದಿದ್ದರೆ ಅಲ್ಲೇ ಇರುವ ಅನುಮತಿ ಪಟ್ಟಿಗೆ ಅದನ್ನು ಸೇರಿಸಿ, ಇಡೀ ಕಾವಲನ್ನು ಆಫ್ ಮಾಡಬೇಡಿ. ದಿನಬಳಕೆಗೆ ಅಡ್ಮಿನ್ ಅಧಿಕಾರವಿಲ್ಲದ ಸ್ಟ್ಯಾಂಡರ್ಡ್ ಅಕೌಂಟ್ ಸಾಕು.

ಅಪ್‌ಡೇಟ್ ಮುಂದೂಡಬೇಡಿ. 2017ರ ಮೇ 12ರಂದು ವನ್ನಾಕ್ರೈ ಎಂಬ ರ‍್ಯಾನ್ಸಮ್‌ವೇರ್ ಹರಡಿದಾಗ, ಅದು ಬಳಸಿದ ಬಿರುಕಿಗೆ ಮೈಕ್ರೋಸಾಫ್ಟ್ ಮಾರ್ಚಿನಲ್ಲೇ ತೇಪೆ ಕೊಟ್ಟಾಗಿತ್ತು. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹೆಚ್ಚುವರಿ ಭದ್ರತಾ ಅಪ್‌ಡೇಟ್ ಯೋಜನೆಗೆ ಸೇರಿಕೊಳ್ಳಿ, ಯಂತ್ರ ಹೊಂದುವಂತಿದ್ದರೆ ವಿಂಡೋಸ್ 11ಕ್ಕೆ ಹೋಗಿ.

ಇಷ್ಟಾದರೂ ಫೈಲುಗಳ ಹೆಸರಿನ ಕೊನೆಗೆ ವಿಚಿತ್ರ ಬಾಲ ಸೇರತೊಡಗಿದರೆ ಹೊರಗಿನ ಡಿಸ್ಕ್ ಕೀಳಿ, ವೈಫೈ ಬಿಡಿಸಿ, ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ. ಆವರೆಗೆ ಬೀಗ ಬೀಳದ ಫೈಲುಗಳು ಉಳಿಯುತ್ತವೆ. ಹಣ ಕಟ್ಟಬೇಡಿ. ಬೀಗ ಬಿದ್ದ ಫೈಲುಗಳನ್ನೂ ಆ ಚೀಟಿಯನ್ನೂ ಬೇರೆ ಡಿಸ್ಕಿನಲ್ಲಿ ತೆಗೆದಿಡಿ. ನೋ ಮೋರ್ ರ‍್ಯಾನ್ಸಮ್ ತಾಣದಲ್ಲಿ ಕೆಲವು ತಳಿಗಳಿಗೆ ಉಚಿತ ಕೀಲಿ ಸಿಗುತ್ತದೆ. ಇಂದು ಇಲ್ಲದ ಕೀಲಿ ಮುಂದೆ ಬಂದೀತು. ದೂರು ಕೊಡಲು ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಡಿಜೆವಿಯು ಜೊತೆಗೆ ಪಾಸ್‌ವರ್ಡ್ ಕದಿಯುವ ಪ್ರೋಗ್ರಾಂಗಳೂ ಬರುವುದುಂಟು. ಹಾಗಾಗಿ ಬ್ಯಾಂಕ್, ಜಿಮೇಲ್ ಪಾಸ್‌ವರ್ಡ್‌ಗಳನ್ನು ಅದೇ ದಿನ, ಆ ಕಂಪ್ಯೂಟರಿನಿಂದಲ್ಲ, ಫೋನಿನಿಂದ ಬದಲಿಸಿ.