ಪಾದದ ನೋವು ಇನ್ನೂ ಹೋಗಿಲ್ಲ, ಬೆಂಗಳೂರು ಮ್ಯಾರಥಾನ್ ಓಡಬಹುದಾ?

ನೋವು ಮೂಳೆಯದ್ದಾದರೆ ಬೇಡ, ಅಂಗಾಲಿನ ಪಟ್ಟಿಯದ್ದಾದರೆ (ಹಿಮ್ಮಡಿಯಿಂದ ಬೆರಳುಗಳ ಬುಡದವರೆಗೆ ಹಬ್ಬಿರುವ ಗಟ್ಟಿ ನಾರಿನ ಪಟ್ಟಿ) ಯೋಚಿಸಬಹುದು. ಬೆಳಿಗ್ಗೆ ಹಾಸಿಗೆಯಿಂದ ಇಳಿದು ಮೊದಲ ನಾಲ್ಕು ಹೆಜ್ಜೆ ಇಡುವಾಗ ಹಿಮ್ಮಡಿ ಚುಚ್ಚಿ, ಆಮೇಲೆ ನಡೆದಾಡಿದಂತೆ ಕಡಿಮೆಯಾದರೆ ಅದು ಸಾಮಾನ್ಯವಾಗಿ ಪಟ್ಟಿಯ ತೊಂದರೆ. ರಾತ್ರಿ ಬಿಗಿದುಕೊಂಡದ್ದು ನಡೆದಾಗ ಸಡಿಲವಾಗುತ್ತದೆ. ನಿಧಾನವಾಗಿ ಓಡಿ ಮುಗಿಸುವವರಿದ್ದಾರೆ, ಆದರೆ ಆಮೇಲೆ ಕೆಲವು ವಾರ ಕುಂಟಲು ತಯಾರಿರಬೇಕು. ಓಡಿದಷ್ಟೂ ನೋವು ಜಾಸ್ತಿಯಾಗಿ, ಮೂಳೆಯ ಒಂದೇ ಜಾಗವನ್ನು ಬೆರಳಿಂದ ಒತ್ತಿದರೆ ಜೀವ ಹೋದಂತಾಗುತ್ತದಾ? ಹಾಗಾದರೆ ಕೂದಲೆಳೆಯಷ್ಟು ಬಿರುಕು ಬಿಟ್ಟಿರಬಹುದು. 42.195 ಕಿ.ಮೀ. ಉದ್ದಕ್ಕೂ ಪ್ರತಿ ಹೆಜ್ಜೆಗೆ ಮೈತೂಕದ ಎರಡು ಮೂರು ಪಟ್ಟು ಭಾರ ಅದೇ ಬಿರುಕಿನ ಮೇಲೆ ಬೀಳುತ್ತದೆ, ಕೂಡಿಕೊಳ್ಳಲು ಪುರುಸೊತ್ತೇ ಇಲ್ಲ. ಶುರುವಿನಲ್ಲಿ ಎಕ್ಸ್‌ರೇಯಲ್ಲೂ ಅದು ಕಾಣಿಸದಿರಬಹುದು, ಹಾಗಾಗಿ ನಾರ್ಮಲ್ ರಿಪೋರ್ಟ್ ನಂಬಿ ಹೊರಡಬೇಡಿ, ಮೂಳೆ ಡಾಕ್ಟರಿಗೆ ಮತ್ತೆ ತೋರಿಸಿ. ನೋವಿನ ಮಾತ್ರೆ ನುಂಗಿ ಓಡೋದಂತೂ ಬೇಡವೇ ಬೇಡ.